ಕಟ್ಟೆ ಗಟ್ಟಿಯಾಗಿಯೇ ಇತ್ತು

(ಮಾತಾಡಿದ್ದನ್ನೇ ಬರಹಕ್ಕೆ ಇಳಿಸಿದ್ದೇನೆ. ಕೊನೆಯಲ್ಲಿ ಸಭೆಯಲ್ಲಿದ್ದವರು ಕೇಳಿದ ಎರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಇಟಲಿಯ ಉತ್ತರ ಭಾಗದಲ್ಲಿ, ಆಲ್ಪ್ಸ್ ಬೆಟ್ಟಗಳ ನಡುವೆ, ವಯೋಂಟ್ ಅನ್ನೋ ಇಕ್ಕಟ್ಟಾದ ಕಣಿವೆ ಇದೆ. ಅಲ್ಲಿ 1960ರ ಹೊತ್ತಿಗೆ ಕಟ್ಟಿ ಮುಗಿಸಿದ ಒಂದು ಅಣೆಕಟ್ಟು ನಿಂತಿದೆ. ಎತ್ತರ ಸುಮಾರು 262 ಮೀಟರ್. ಆ ಕಾಲಕ್ಕೆ ಪ್ರಪಂಚದಲ್ಲೇ ಅತಿ ಎತ್ತರದ ಕಟ್ಟೆಗಳಲ್ಲಿ ಅದೂ ಒಂದು. ಇವತ್ತಿಗೂ ಹೋದರೆ ನೋಡಬಹುದು. ಆದರೆ ಕಟ್ಟೆಯ ಹಿಂದೆ ಜಲಾಶಯ ಕಾಣುವುದಿಲ್ಲ. ಅಲ್ಲಿರೋದು ಜಾರಿ ಬಿದ್ದ ಗುಡ್ಡ. ಅದರ ಮೇಲೆ ಈಗ ಮರ ಬೆಳೆದಿದೆ.

1963ರ ಅಕ್ಟೋಬರ್ 9ರ ರಾತ್ರಿ, 10 ಗಂಟೆ 39 ನಿಮಿಷ. ಜಲಾಶಯದ ಪಕ್ಕದ ಮೋಂತೆ ಟೋಕ್ ಬೆಟ್ಟದ ಒಂದು ಮಗ್ಗುಲು ಇಡಿಯಾಗಿ ಜಾರಿ ನೀರಿಗೆ ಬಿತ್ತು. ಸುಮಾರು 26 ಕೋಟಿ ಘನ ಮೀಟರ್ ಕಲ್ಲು, ಮಣ್ಣು. ಒಂದು ನಿಮಿಷವೂ ಹಿಡಿಯಲಿಲ್ಲ. ತುಂಬಿದ ಬಕೆಟ್ಟಿಗೆ ದೊಡ್ಡ ಕಲ್ಲು ಎತ್ತಿಹಾಕಿದರೆ ಏನಾಗುತ್ತದೋ ಅದೇ ಆಯಿತು. ನೀರು ಕಟ್ಟೆಯ ಮೇಲಿಂದ ಹಾರಿ ಕೆಳಗಿದ್ದ ಲೋಂಗರೋನೆ ಪಟ್ಟಣದ ಮೇಲೆ ಬಿತ್ತು. ಅವತ್ತು ಟಿವಿಯಲ್ಲಿ ಫುಟ್‌ಬಾಲ್ ಪಂದ್ಯ ಇತ್ತು. ಅದನ್ನು ನೋಡುವುದಕ್ಕೆ ಜನ ಪಟ್ಟಣದಲ್ಲಿ ಸೇರಿದ್ದರು. ಲೋಂಗರೋನೆ ಮತ್ತು ಸುತ್ತಲ ಹಳ್ಳಿಗಳಲ್ಲಿ ಸುಮಾರು 2,000 ಜನ ಸತ್ತರು. ಕಟ್ಟೆಯ ತುದಿಗೆ ಅಲ್ಲಲ್ಲಿ ಪೆಟ್ಟಾಯಿತು. ಉಳಿದಂತೆ ಅದು ಅಲುಗಲಿಲ್ಲ.

ನಾನು ಇವತ್ತು ಹೇಳಬೇಕು ಅಂತ ಬಂದ ಮಾತು ಇಲ್ಲಿಂದಲೇ ಶುರುವಾಗುತ್ತದೆ. ಅಣೆಕಟ್ಟಿನ ಅಪಾಯ ಅಂದ ತಕ್ಷಣ ನಾವೆಲ್ಲ ಕೇಳುವುದು ಒಂದೇ ಪ್ರಶ್ನೆ. ಕಟ್ಟೆ ಗಟ್ಟಿ ಇದೆಯಾ? ಒಡೆಯುತ್ತದಾ? ವಯೋಂಟ್ ಕಟ್ಟೆ ಗಟ್ಟಿಯಾಗಿಯೇ ಇತ್ತು. ಎಂಜಿನಿಯರುಗಳು ಅದನ್ನು ತುಂಬ ಚೆನ್ನಾಗಿ ಕಟ್ಟಿದ್ದರು. ಪಕ್ಕದ ಬೆಟ್ಟವನ್ನು ಮಾತ್ರ ಸರಿಯಾಗಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬೆಟ್ಟದ ನದಿಗೆ ಅಣೆಕಟ್ಟು ಕಟ್ಟುವಾಗ ನಡೆದ ದೊಡ್ಡ ದೊಡ್ಡ ಅನಾಹುತಗಳನ್ನು ತೆಗೆದು ನೋಡಿ. ಹೆಚ್ಚು ಕಡೆ ಕಥೆ ಇದೇ. ಕಟ್ಟೆಯನ್ನು ಲೆಕ್ಕ ಹಾಕಿರುತ್ತಾರೆ. ಕಣಿವೆಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ವಯೋಂಟ್‌ನಲ್ಲಿ ಮುನ್ಸೂಚನೆ ಇರಲಿಲ್ಲ ಅಂತಲೂ ಅಲ್ಲ. 1960ರ ನವೆಂಬರ್‌ನಲ್ಲೇ, ಜಲಾಶಯ ತುಂಬಿಸುತ್ತಿದ್ದಾಗ, ಅದೇ ಬೆಟ್ಟದಿಂದ ಸುಮಾರು 7 ಲಕ್ಷ ಘನ ಮೀಟರ್ ಮಣ್ಣು ಕುಸಿದಿತ್ತು. ಮೇಲೆ ಹತ್ತಿರ ಹತ್ತಿರ 2 ಕಿಲೋಮೀಟರ್ ಉದ್ದದ ಬಿರುಕು ಬಾಯಿ ಬಿಟ್ಟಿತ್ತು. ಬೆಟ್ಟ ದಿನಕ್ಕೆ ಎಷ್ಟು ಸರಿಯುತ್ತಿದೆ ಅಂತ ಎಂಜಿನಿಯರುಗಳು ಅಳೆಯುತ್ತಲೂ ಇದ್ದರು. ನೀರಿನ ಮಟ್ಟ ಏರಿಸಿ ಇಳಿಸಿ ಅದನ್ನು ನಿಧಾನಕ್ಕೆ ಕೂರಿಸಬಹುದು ಅನ್ನೋದು ಅವರ ಲೆಕ್ಕಾಚಾರ. ಅದಕ್ಕೂ ಮುಂಚೆ, 1959ರಲ್ಲಿ, ಟೀನಾ ಮೆರ್ಲಿನ್ ಅನ್ನೋ ಪತ್ರಕರ್ತೆ ಅಲ್ಲಿನ ಹಳ್ಳಿಯವರ ಭಯವನ್ನು ಪತ್ರಿಕೆಯಲ್ಲಿ ಬರೆದಿದ್ದರು. ಅದಕ್ಕೆ ಸಿಕ್ಕ ಪ್ರತಿಫಲ ಏನು ಗೊತ್ತಾ? ಸುಳ್ಳು ಸುದ್ದಿ ಹಬ್ಬಿಸಿ ಜನರನ್ನು ಹೆದರಿಸುತ್ತಿದ್ದಾರೆ ಅಂತ ಅವರ ಮೇಲೆ ಕೇಸು. 1960ರಲ್ಲಿ ಕೋರ್ಟು ಅವರನ್ನು ಬಿಡುಗಡೆ ಮಾಡಿತು. ಬೆಟ್ಟ ಬಿದ್ದಿದ್ದು ಅದಾಗಿ ಮೂರು ವರ್ಷಕ್ಕೆ.

ಹಾಗಾದರೆ ಬೆಟ್ಟ ಯಾಕೆ ಜಾರುತ್ತದೆ? ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಇಳಿಜಾರಿನಲ್ಲಿ ಕಲ್ಲು, ಮಣ್ಣು ನಿಂತಿರೋದು ಒಂದರ ಮೇಲೊಂದು ಒತ್ತಿಕೊಂಡು. ಆ ಒತ್ತಡದಿಂದ ಹುಟ್ಟುವ ಹಿಡಿತವೇ ಅದರ ಬಲ. ಪದರಗಳ ನಡುವೆ ನೀರು ಸೇರಿದರೆ ಆ ನೀರೇ ಮೇಲಿನ ಭಾರವನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ. ಹಿಡಿತ ಸಡಿಲವಾಗುತ್ತದೆ. ನಡುವೆ ಜೇಡಿಮಣ್ಣಿನ ಪದರ ಇದ್ದರಂತೂ ಮುಗಿಯಿತು, ಒದ್ದೆ ಸೋಪಿನ ಮೇಲೆ ಕಾಲಿಟ್ಟ ಹಾಗೆ. ಜಲಾಶಯ ತುಂಬಿದಾಗ ನೀರು ಪಕ್ಕದ ಬೆಟ್ಟಗಳ ಒಳಗೂ ಏರುತ್ತದೆ. ಆಮೇಲೆ ಕರೆಂಟಿಗಾಗಿ ನೀರು ಬಿಟ್ಟು ಮಟ್ಟ ಇಳಿಸಿದಾಗ ಹೊರಗಿನ ನೀರು ಬೇಗ ಇಳಿಯುತ್ತದೆ, ಬೆಟ್ಟದ ಒಳಗಿನ ನೀರು ಅಷ್ಟು ಬೇಗ ಇಳಿಯುವುದಿಲ್ಲ. ಇಷ್ಟು ದಿನ ಹೊರಗಿನಿಂದ ಆತುಕೊಂಡಿದ್ದ ನೀರು ಇಲ್ಲ, ಒಳಗಿನಿಂದ ತಳ್ಳುವ ನೀರು ಮಾತ್ರ ಇದೆ. ಕುಸಿಯೋದು ಜಾಸ್ತಿ ಇಂಥ ಹೊತ್ತಿನಲ್ಲೇ.

ಉತ್ತರಾಖಂಡದ ತೆಹ್ರಿ ಅಣೆಕಟ್ಟು 260 ಮೀಟರ್ ಎತ್ತರದ್ದು. ಅದರ ಜಲಾಶಯ ಸಮುದ್ರ ಮಟ್ಟದಿಂದ 830 ಮೀಟರ್‌ವರೆಗೆ ತುಂಬುತ್ತದೆ, 740 ಮೀಟರ್‌ವರೆಗೆ ಇಳಿಯಬಹುದು. ಅಂದರೆ 90 ಮೀಟರ್ ಏರಿಳಿತ. ಸುಮಾರು ಮೂವತ್ತು ಅಂತಸ್ತಿನ ಕಟ್ಟಡದಷ್ಟು ನೀರು ಬೆಟ್ಟದ ಮೈಯನ್ನು ನೆನೆಸುತ್ತದೆ, ಮತ್ತೆ ಒಣಗಿಸುತ್ತದೆ. ದಡದ ಮೇಲಿನ ಹಳ್ಳಿಗಳಲ್ಲಿ ಗೋಡೆ ಬಿರುಕು ಬಿಟ್ಟಿದ್ದು, ಗದ್ದೆ ಜಗ್ಗಿದ್ದು ಇದೇ ಕಾರಣಕ್ಕೆ. ಆ ಹಳ್ಳಿಗಳು ಮುಳುಗಡೆ ಪಟ್ಟಿಯಲ್ಲಿ ಇರಲಿಲ್ಲ. ನೀರು ಅವರ ಮನೆ ಬಾಗಿಲಿಗೆ ಬಂದೇ ಇಲ್ಲ. ಮನೆಯ ಅಡಿಗೆ ಬಂದಿತ್ತು.

ಭೂಮಿಯ ಆಳಕ್ಕೂ ಈ ಭಾರ ತಟ್ಟುತ್ತದೆ. ಸಹ್ಯಾದ್ರಿಯ ಕೊಯ್ನಾ ಜಲಾಶಯ ತುಂಬಲು ಶುರುವಾದ ಮೇಲೆ ಆ ಪ್ರದೇಶದಲ್ಲಿ ಸಣ್ಣ ಸಣ್ಣ ಕಂಪನಗಳು ಕಾಣಿಸಿಕೊಂಡವು. 1967ರ ಡಿಸೆಂಬರ್ 11ರ ಬೆಳಗಿನ ಜಾವ 6ಕ್ಕೂ ಹೆಚ್ಚು ತೀವ್ರತೆಯ ಭೂಕಂಪ ಆಯಿತು. ಸುಮಾರು 180 ಜನ ಸತ್ತರು. ಜಲಾಶಯದಿಂದ ಪ್ರಚೋದನೆಯಾದ ಭೂಕಂಪ ಅಂದರೆ ವಿಜ್ಞಾನಿಗಳು ಇವತ್ತಿಗೂ ಮೊದಲು ಹೇಳುವ ಉದಾಹರಣೆಗಳಲ್ಲಿ ಕೊಯ್ನಾ ಒಂದು. ಗಟ್ಟಿ ಬಂಡೆಯ, ಶಾಂತವಾದ ಪ್ರದೇಶ ಅಂತ ನಂಬಿದ್ದ ಜಾಗ ಅದು. ಹಿಮಾಲಯವಂತೂ ಮೊದಲೇ ಅಲುಗಾಡುವ ಬೆಟ್ಟ. ಇನ್ನೂ ಬೆಳೆಯುತ್ತಿರುವ ಬೆಟ್ಟ.

ಈಗ ಒಂದು ಮಾತು ನಿಮ್ಮ ಮನಸ್ಸಿಗೆ ಬಂದಿರಬಹುದು. ಇದೆಲ್ಲ ದೊಡ್ಡ ಅಣೆಕಟ್ಟುಗಳ ಕಥೆ ಆಯಿತಲ್ಲ, ಈಗ ಬೆಟ್ಟಗಳಲ್ಲಿ ಕಟ್ಟುತ್ತಿರೋದು ಹರಿಯುವ ನೀರಿನ ಯೋಜನೆಗಳು, ಅದರಲ್ಲಿ ಮುಳುಗಡೆಯೇ ಇರೋದಿಲ್ಲವಲ್ಲ ಅಂತ. ಇಂಗ್ಲಿಷಿನಲ್ಲಿ ಇದಕ್ಕೆ ರನ್ ಆಫ್ ದಿ ರಿವರ್ ಅನ್ನುತ್ತಾರೆ. ಹೆಸರು ಕೇಳಿದರೆ ನದಿ ತನ್ನ ಪಾಡಿಗೆ ಹರಿಯುತ್ತಿರುತ್ತದೆ, ನಾವು ಸುಮ್ನೆ ಒಂದು ಚಕ್ರ ಇಟ್ಟು ಕರೆಂಟು ತೆಗೆಯುತ್ತೇವೆ ಅನ್ನಿಸುತ್ತದೆ. ಹಾಗಿಲ್ಲ. ಒಂದು ಕಡೆ ಬ್ಯಾರೇಜು ಕಟ್ಟಿ ನದಿಯನ್ನೇ ತಿರುಗಿಸಿ ಸುರಂಗದೊಳಗೆ ಕಳಿಸುತ್ತಾರೆ. ಬೆಟ್ಟದ ಹೊಟ್ಟೆಯಲ್ಲಿ ಹತ್ತಾರು ಕಿಲೋಮೀಟರ್ ಹೋಗಿ, ಅಲ್ಲಿಂದ ಎತ್ತರದಿಂದ ಬೀಳಿಸಿ, ಟರ್ಬೈನ್ ತಿರುಗಿಸಿ, ಮತ್ತೆ ನದಿಗೆ ಬಿಡುತ್ತಾರೆ. ಹಿಮಾಚಲದ ಸಟ್ಲೆಜ್ ನದಿಯ ನಾಥ್ಪಾ ಝಾಕ್ರಿ ಯೋಜನೆಯ ಸುರಂಗ 27 ಕಿಲೋಮೀಟರ್‌ಗಿಂತ ಉದ್ದ. ಅಡ್ಡಳತೆ 10 ಮೀಟರ್.

ಒಂದು ಲೆಕ್ಕ ಹಾಕೋಣ ಬನ್ನಿ. ಅಷ್ಟು ಅಗಲದ, ಅಷ್ಟು ಉದ್ದದ ಸುರಂಗ ಕೊರೆದರೆ ಒಳಗಿಂದ 20 ಲಕ್ಷ ಘನ ಮೀಟರ್‌ಗೂ ಜಾಸ್ತಿ ಬಂಡೆ ಹೊರಗೆ ಬರುತ್ತದೆ. ಒಡೆದ ಕಲ್ಲು ಇನ್ನೂ ಜಾಸ್ತಿ ಜಾಗ ಹಿಡಿಯುತ್ತದೆ, ಅದನ್ನು ಬಿಡೋಣ. ಒಂದು ಟಿಪ್ಪರಿಗೆ 10 ಘನ ಮೀಟರ್ ಅಂತ ಹಿಡಿದರೂ ಎರಡು ಲಕ್ಷಕ್ಕೂ ಹೆಚ್ಚು ಟ್ರಿಪ್ಪು. ಕಡಿದಾದ ಕಣಿವೆಯಲ್ಲಿ ಇದನ್ನು ಎಲ್ಲಿ ಸುರಿಯುತ್ತೀರಿ? ಸಮತಟ್ಟಾದ ಜಾಗ ಇರೋದೇ ನದಿ ದಂಡೆಯಲ್ಲಿ. ಅಲ್ಲೇ ಸುರಿಯುತ್ತಾರೆ. 2013ರ ಜೂನ್‌ನಲ್ಲಿ, ಕೇದಾರನಾಥ ದುರಂತ ಆದಾಗ, ಅಲಕನಂದಾ ನದಿಯ ಪ್ರವಾಹ ಹೀಗೆ ದಂಡೆಯಲ್ಲಿ ಗುಡ್ಡೆ ಹಾಕಿದ್ದ ಮಣ್ಣನ್ನು ಎತ್ತಿಕೊಂಡು ಹೋಗಿ ಶ್ರೀನಗರ ಪಟ್ಟಣದ ತಗ್ಗಿನ ಬಡಾವಣೆಗಳಿಗೆ ತುಂಬಿತು. ಇದು ಕಾಶ್ಮೀರದ ಶ್ರೀನಗರ ಅಲ್ಲ, ಉತ್ತರಾಖಂಡದ್ದು. ಮನೆಗಳ ಒಳಗೆ ಆಳೆತ್ತರದ ಕೆಸರು. ಜನ ಹಸಿರು ನ್ಯಾಯಮಂಡಳಿಗೆ ಹೋದರು. 2016ರಲ್ಲಿ ಯೋಜನೆಯ ಕಂಪನಿ 9 ಕೋಟಿಗೂ ಹೆಚ್ಚು ಪರಿಹಾರ ಕೊಡಬೇಕು ಅಂತ ತೀರ್ಪು ಬಂತು. ಪ್ರವಾಹ ದೈವದ ಆಟ, ನಮ್ಮ ತಪ್ಪಲ್ಲ ಅನ್ನೋ ವಾದ ಅಲ್ಲಿ ನಡೆಯಲಿಲ್ಲ.

ಸುರಂಗದ ಇನ್ನೊಂದು ಸಂಕಟ ಹೊರಗಿನಿಂದ ಕಾಣೋದೇ ಇಲ್ಲ. ಅದು ಒರತೆ. ಬೆಟ್ಟದ ಹಳ್ಳಿಯವರು ನದಿಯ ನೀರು ಕುಡಿಯೋದು ಕಡಿಮೆ. ನದಿ ಎಲ್ಲೋ ಆಳದಲ್ಲಿ ಇರುತ್ತದೆ. ಹಳ್ಳಿ ಮೇಲೆ ಇರುತ್ತದೆ. ಅವರ ನೀರು ಅಂದರೆ ಬಂಡೆ ಸಂದಿಯಿಂದ ಬರುವ ಒರತೆ. ಉತ್ತರಾಖಂಡದಲ್ಲಿ ಅದಕ್ಕೆ ನೌಲಾ, ಧಾರಾ ಅನ್ನುತ್ತಾರೆ. ಮಳೆ ನೀರು, ಹಿಮದ ನೀರು ಬಂಡೆಯ ಬಿರುಕುಗಳಲ್ಲಿ ಇಳಿದು, ಎಷ್ಟೋ ಕಾಲ ಒಳಗೇ ಇದ್ದು, ಒಂದು ಕಡೆ ಹೊರಗೆ ಬರುತ್ತದೆ. ಆ ಬಿರುಕುಗಳ ಕೆಳಗೆ ಒಂದು ಸುರಂಗ ಹೋಯಿತು ಅಂದುಕೊಳ್ಳಿ. ನೀರಿಗೆ ಹೊಸ ದಾರಿ ಸಿಕ್ಕಿತು. ಅದು ಸುರಂಗಕ್ಕೆ ಇಳಿಯುತ್ತದೆ. ಮೇಲೆ ಒರತೆ ಮೊದಲು ಸಣ್ಣದಾಗುತ್ತದೆ, ಆಮೇಲೆ ತೊಟ್ಟಿಕ್ಕುತ್ತದೆ, ಒಂದು ಬೇಸಿಗೆಯಲ್ಲಿ ನಿಲ್ಲುತ್ತದೆ. ಅಮ್ಮ, ಅಜ್ಜಿ ಎಲ್ಲ ಕೊಡ ಇಟ್ಟ ಕಲ್ಲು ಅಲ್ಲೇ ಇರುತ್ತದೆ, ಕೊಡದ ತಳ ತಾಗಿ ತಾಗಿ ಸವೆದ ಗುಳಿ ಕೂಡ ಇರುತ್ತದೆ. ನೀರು ಮಾತ್ರ ಇರೋದಿಲ್ಲ. ಪರಿಹಾರ ಕೇಳೋಕೆ ಹೋದರೆ, ಸುರಂಗದಿಂದಲೇ ಬತ್ತಿದ್ದು ಅಂತ ಸಾಬೀತು ಮಾಡಿ ಅನ್ನುತ್ತಾರೆ. ಮೊದಲು ಎಷ್ಟು ನೀರು ಬರುತ್ತಿತ್ತು ಅಂತ ಯಾರೂ ಅಳೆದಿಟ್ಟಿರೋದಿಲ್ಲ. ಹಳ್ಳಿಯವರ ಹತ್ತಿರ ಇರೋ ದಾಖಲೆ ಆ ಗುಳಿ ಮಾತ್ರ.

ಈ ನೀರು ಎಷ್ಟಿರಬಹುದು ಅನ್ನೋದಕ್ಕೆ ಒಂದು ಅಳತೆ ಸಿಕ್ಕಿದೆ. 2009ರ ಡಿಸೆಂಬರ್‌ನಲ್ಲಿ ತಪೋವನ ವಿಷ್ಣುಗಡ ಯೋಜನೆಯ ಸುರಂಗ ಕೊರೆಯುವ ಯಂತ್ರ ಜೋಶಿಮಠದ ಹತ್ತಿರ ನೆಲದೊಳಗಿನ ನೀರಿನ ಸೆಲೆಯೊಂದಕ್ಕೆ ತೂತು ಮಾಡಿತು. ಸೆಕೆಂಡಿಗೆ 700ರಿಂದ 800 ಲೀಟರ್ ನೀರು ನುಗ್ಗಿತು. ದಿನದ ಲೆಕ್ಕದಲ್ಲಿ 6ರಿಂದ 7 ಕೋಟಿ ಲೀಟರ್. 2023ರ ಜನವರಿಯಲ್ಲಿ ಜೋಶಿಮಠದಲ್ಲಿ ನೂರಾರು ಮನೆಗಳು ಬಿರುಕು ಬಿಟ್ಟಾಗ ಅಲ್ಲಿನ ಜನ ಈ ಸುರಂಗದ ಕಡೆಗೇ ಬೆರಳು ತೋರಿಸಿದರು. ಯೋಜನೆಯವರು ಸಂಬಂಧ ಇಲ್ಲ ಅಂದರು. ಆ ಪಟ್ಟಣ ನಿಂತಿರೋದೇ ಹಳೆಯ ಭೂಕುಸಿತದ ಮಣ್ಣಿನ ಮೇಲೆ, ಅಲ್ಲಿ ಭಾರೀ ಕಟ್ಟಡ ಕೆಲಸ ಬೇಡ ಅಂತ 1976ರಲ್ಲೇ ಮಿಶ್ರಾ ಸಮಿತಿ ಹೇಳಿತ್ತು. ಒಂದೇ ಕಾರಣ ಅಂತ ಯಾವುದನ್ನೂ ನಾನು ಹೇಳುವುದಿಲ್ಲ. ಆದರೆ ಅಂಥ ಮಣ್ಣಿನ ಪಕ್ಕದಲ್ಲಿ ಸುರಂಗ ಬೇಕಿತ್ತಾ ಅಂತ ಕೇಳುವ ಹಕ್ಕು ಆ ಜನರಿಗೆ ಇದೆ, ಅಲ್ವಾ?

ಇನ್ನು ನದಿಯ ಕಡೆ ಬರೋಣ. ಬ್ಯಾರೇಜಿನಿಂದ ಪವರ್‌ಹೌಸ್‌ವರೆಗೆ ನದಿ ಸುರಂಗದಲ್ಲಿರುತ್ತದೆ. ಹಾಗಾದರೆ ಹಳೆಯ ಪಾತ್ರದಲ್ಲಿ ಏನಿರುತ್ತದೆ? ಚಳಿಗಾಲದಲ್ಲಿ ಹೋಗಿ ನಿಂತರೆ ಮನಸ್ಸು ಕೆಡುತ್ತದೆ. ಬಿಳಿ ಗುಂಡುಕಲ್ಲುಗಳು. ನಡುವೆ ಒಂದು ಕಾಲುವೆಯಷ್ಟು ನೀರು. ಕಲ್ಲಿಗೆ ಅಂಟಿದ ಪಾಚಿ ಒಣಗಿ ಹಪ್ಪಳದ ಹಾಗೆ ಎದ್ದಿರುತ್ತದೆ. ಕಲ್ಲು ತಿರುಗಿಸಿ ನೋಡಿದರೆ ಅಡಿಯಲ್ಲಿ ಇರಬೇಕಾದ ಹುಳುಗಳಿಲ್ಲ. ಆ ಹುಳು ತಿನ್ನುವ ಮೀನೂ ಇಲ್ಲ, ಆ ಮೀನು ತಿನ್ನುವ ಹಕ್ಕಿಯೂ ಇಲ್ಲ. ಮಾಹಸೀರ್ ಥರದ ಮೀನುಗಳು ಮೊಟ್ಟೆ ಇಡೋಕೆ ನದಿಯಲ್ಲಿ ಮೇಲಕ್ಕೆ ಈಜಿ ಬರುತ್ತವೆ. ಅಡ್ಡ ಗೋಡೆ ಬಂದರೆ ಅವುಗಳ ಪ್ರಯಾಣ ಅಲ್ಲಿಗೆ ನಿಂತಿತು. ಒಂದು ಪವರ್‌ಹೌಸಿನಿಂದ ಹೊರಗೆ ಬಂದ ನೀರು ಸ್ವಲ್ಪ ದೂರದಲ್ಲೇ ಇನ್ನೊಂದು ಯೋಜನೆಯ ಸುರಂಗಕ್ಕೆ ಹೋಗುತ್ತದೆ. ಸಟ್ಲೆಜ್ ನದಿಯ ಉದ್ದುದ್ದ ಭಾಗಗಳು ಹೀಗೇ ಆಗಿವೆ. ಒಂದೊಂದು ಯೋಜನೆಯ ವರದಿಯನ್ನು ಬೇರೆ ಬೇರೆಯಾಗಿ ಓದಿದರೆ ಹಾನಿ ಚಿಕ್ಕದಾಗಿ ಕಾಣುತ್ತದೆ. ಎಲ್ಲವನ್ನೂ ಒಟ್ಟಿಗೆ ಇಟ್ಟಾಗ ನದಿಯೇ ಇಲ್ಲ.

ಇದಕ್ಕೆ ಕಾನೂನು ಇಲ್ಲವಾ? ಇದೆ. ಗಂಗೆಯ ಮೇಲಿನ ಭಾಗಕ್ಕೆ 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ನವೆಂಬರ್‌ನಿಂದ ಮಾರ್ಚ್‌ವರೆಗೆ ಹರಿವಿನ ಶೇಕಡಾ 20, ಮಳೆಗಾಲದಲ್ಲಿ ಶೇಕಡಾ 30, ಉಳಿದ ತಿಂಗಳು ಶೇಕಡಾ 25 ನದಿಯಲ್ಲೇ ಬಿಡಬೇಕು. ಏನೂ ಇಲ್ಲದಿದ್ದಕ್ಕಿಂತ ಇದು ಮೇಲು. ಆದರೆ ಮೊದಲೇ ಬಡವಾಗಿರುವ ಚಳಿಗಾಲದ ನದಿಯಲ್ಲಿ ಐದರಲ್ಲಿ ನಾಲ್ಕು ಪಾಲು ತೆಗೆದುಕೊಳ್ಳಬಹುದು ಅಂತ ಇದರ ಅರ್ಥ.

ನೀರು ಇಲ್ಲದಿದ್ದಾಗಿನ ಕಥೆ ಇದು. ನೀರು ಬರುವಾಗಿನ ಕಥೆ ಇನ್ನೂ ಘೋರ. 2014ರ ಜೂನ್ 8ರ ಸಂಜೆ, ಹಿಮಾಚಲದ ಬಿಯಾಸ್ ನದಿ. ಪ್ರವಾಸಕ್ಕೆ ಬಂದಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನದಿ ನಡುವಿನ ಬಂಡೆಗಳ ಮೇಲೆ ಫೋಟೋ ತೆಗೆದುಕೊಳ್ಳುತ್ತಿದ್ದರು. ನೀರು ಕಡಿಮೆ ಇತ್ತು. ಮೇಲೆ ಲಾರ್ಜಿ ಅಣೆಕಟ್ಟಿನ ಗೇಟು ತೆಗೆದರು. ಕೆಲವೇ ನಿಮಿಷಗಳಲ್ಲಿ ನೀರು ಏರಿತು. 24 ವಿದ್ಯಾರ್ಥಿಗಳು, ಅವರ ಜೊತೆಗಿದ್ದ ಒಬ್ಬರು ಕೊಚ್ಚಿಹೋದರು. ಮಳೆ ಬಂದಿರಲಿಲ್ಲ. ಅದು ಕರೆಂಟಿನ ಬೇಡಿಕೆ ಏರಿ ಇಳಿದಂತೆ ಏರಿ ಇಳಿಯುವ ನದಿ. ಹಳೇ ನದಿಗೆ ತನ್ನದೇ ಸೂಚನೆಗಳು ಇದ್ದವು. ಬಣ್ಣ ಕದಡುತ್ತಿತ್ತು, ಸದ್ದು ಬದಲಾಗುತ್ತಿತ್ತು, ಮೇಲೆ ಮೋಡ ಕಾಣುತ್ತಿತ್ತು. ದಡದಲ್ಲಿ ಹುಟ್ಟಿ ಬೆಳೆದವರು ಅದನ್ನು ಓದುತ್ತಿದ್ದರು. ಕಂಟ್ರೋಲ್ ರೂಮಿನ ನದಿಯನ್ನು ಯಾರೂ ಓದಲಾರರು.

ಅದಕ್ಕೆ ಉಲ್ಟಾ ಕೂಡ ಆಗಿದೆ. 2023ರ ಅಕ್ಟೋಬರ್ 27ರಂದು, ಅಸ್ಸಾಂ ಮತ್ತು ಅರುಣಾಚಲದ ಗಡಿಯಲ್ಲಿ ಕಟ್ಟುತ್ತಿದ್ದ ಲೋವರ್ ಸುಬನ್‌ಸಿರಿ ಯೋಜನೆಯಲ್ಲಿ, ನೀರು ಹೊರಗೆ ಬಿಡಲು ಬಳಸುತ್ತಿದ್ದ ಒಂದೇ ಒಂದು ಸುರಂಗದ ಬಾಯಿಗೆ ಗುಡ್ಡ ಕುಸಿದು ಬಿತ್ತು. ಬ್ರಹ್ಮಪುತ್ರದ ದೊಡ್ಡ ಉಪನದಿ ಒಂದು ದಿನ ಬತ್ತಿಯೇ ಹೋಯಿತು. ಕೆಳಗಿನ ಊರಿನವರು ನದಿ ಪಾತ್ರಕ್ಕೆ ಇಳಿದು ನಿಂತರು. ಕಲ್ಲುಗಳ ನಡುವೆ ಮೀನು ಒದ್ದಾಡುತ್ತಿದ್ದವು.

ನದಿ ಅಂದರೆ ನೀರು ಅಂತ ನಾವು ತಿಳಿದಿದ್ದೇವೆ. ಬೆಟ್ಟದ ನದಿ ನೀರಿನ ಜೊತೆ ಬೆಟ್ಟವನ್ನೂ ಹೊತ್ತು ತರುತ್ತದೆ. ಗುಂಡು, ಜಲ್ಲಿ, ಮರಳು, ಹೂಳು. ನಾಥ್ಪಾ ಝಾಕ್ರಿಯಲ್ಲಿ ನೀರಿನ ಹೂಳು ಒಂದು ಮಿತಿ ದಾಟಿದರೆ ಯಂತ್ರಗಳನ್ನೇ ನಿಲ್ಲಿಸುತ್ತಾರೆ. ಆ ಮಿತಿ ಒಂದು ಲೀಟರಿಗೆ 5 ಗ್ರಾಂ. ಒಂದು ಬಾಟಲಿ ನೀರಿಗೆ ಸಣ್ಣ ಚಮಚದಷ್ಟು ಮರಳು. ಅಷ್ಟಕ್ಕೇ ಯಾಕೆ ಭಯ ಅಂದರೆ, ಅದರಲ್ಲಿ ಸ್ಫಟಿಕ ಶಿಲೆಯ ಕಣಗಳು ಜಾಸ್ತಿ. ಸ್ಫಟಿಕ ಉಕ್ಕಿಗಿಂತ ಗಟ್ಟಿ. ನೂರಾರು ಮೀಟರ್ ಎತ್ತರದಿಂದ ಬಿದ್ದು ಬಡಿಯುವ ನೀರಲ್ಲಿ ಅದು ಉಪ್ಪುಕಾಗದದ ಹಾಗೆ ಟರ್ಬೈನಿನ ಅಲಗನ್ನು ಉಜ್ಜುತ್ತದೆ. ಸವೆದ ಅಲಗುಗಳ ಅಂಚು ಗೆದ್ದಲು ತಿಂದ ಹಲಗೆಯ ಥರ ಕಾಣುತ್ತದೆ. ಇನ್ನು ಜಲಾಶಯ ಇದ್ದರೆ ಆ ಹೂಳೆಲ್ಲ ಅಲ್ಲೇ ಕೂರುತ್ತದೆ. ಕೆಳಗಿನ ಹೊಲಗಳಿಗೆ, ನದಿಮುಖಜ ಭೂಮಿಗೆ, ಕಡಲ ತೀರಕ್ಕೆ ಹೋಗಬೇಕಾದ ಮಣ್ಣು ಅದು. ಹೂಳಿಲ್ಲದ ತಿಳಿನೀರು ಕೆಳಗೆ ಹೋದಾಗ ಅದಕ್ಕೆ ಹಸಿವು ಜಾಸ್ತಿ. ತನ್ನ ದಡವನ್ನೇ ಕೊರೆಯುತ್ತದೆ.

ಈಗ ಮೇಲಕ್ಕೆ, ಹಿಮದ ಕಡೆ ನೋಡಬೇಕು. ಇತ್ತೀಚಿನ ಎರಡು ದುರಂತಗಳೂ ಅಲ್ಲಿಂದಲೇ ಇಳಿದು ಬಂದವು.

2021ರ ಫೆಬ್ರುವರಿ 7, ಭಾನುವಾರದ ಬೆಳಗ್ಗೆ. ಉತ್ತರಾಖಂಡದ ಚಮೋಲಿ ಜಿಲ್ಲೆ. ಮಳೆಗಾಲವಲ್ಲ, ಚಳಿಗಾಲ. ಆಕಾಶ ತಿಳಿಯಾಗಿತ್ತು. ರೋಂಟಿ ಶಿಖರದಿಂದ ಸುಮಾರು 2 ಕೋಟಿ 70 ಲಕ್ಷ ಘನ ಮೀಟರ್ ಬಂಡೆ ಮತ್ತು ಹಿಮ ಒಂದೇ ಸಲಕ್ಕೆ ಕಳಚಿತು. ಸುಮಾರು 1,800 ಮೀಟರ್ ಕೆಳಗೆ ಬಿದ್ದು ಪುಡಿಯಾಯಿತು. ಬಿದ್ದ ರಭಸಕ್ಕೆ ಹಿಮ ಕರಗಿ ಎಲ್ಲ ಸೇರಿ ಕೆಸರಿನ ಗೋಡೆಯಾಗಿ ಕಣಿವೆಯಲ್ಲಿ ನುಗ್ಗಿತು. ಮೊದಲು 13.2 ಮೆಗಾವ್ಯಾಟಿನ ಋಷಿಗಂಗಾ ಯೋಜನೆ ಅಳಿಸಿಹೋಯಿತು. ಆಮೇಲೆ ಕಟ್ಟುತ್ತಿದ್ದ 520 ಮೆಗಾವ್ಯಾಟಿನ ತಪೋವನ ವಿಷ್ಣುಗಡ. ಸತ್ತವರು, ಕಾಣೆಯಾದವರು 200ಕ್ಕೂ ಹೆಚ್ಚು. ಅವರಲ್ಲಿ ತುಂಬ ಜನ ಯೋಜನೆಯ ಕೆಲಸಗಾರರು. ಕೂಲಿಗಾಗಿ ಬೇರೆ ರಾಜ್ಯಗಳಿಂದ ಬಂದವರೂ ಇದ್ದರು. ಸುರಂಗದೊಳಗೆ ಸಿಕ್ಕಿಕೊಂಡವರನ್ನು ಹೊರತೆಗೆಯಲು ದಿನಗಟ್ಟಲೆ ಕೆಸರು ಅಗೆದರು. ಆ ಕಣಿವೆಯ ರೈಣಿ ಹಳ್ಳಿ ನಿಮಗೆ ನೆನಪಿರಬಹುದು. 1974ರಲ್ಲಿ ಗೌರಾದೇವಿ ಮತ್ತು ಆ ಹಳ್ಳಿಯ ಹೆಂಗಸರು ಮರಗಳನ್ನು ಅಪ್ಪಿಕೊಳ್ಳಲು ನಿಂತ ಊರು ಅದು.

ಬಂಡೆ ಬಿದ್ದಿದ್ದಕ್ಕೆ ಅಣೆಕಟ್ಟು ಕಾರಣವಲ್ಲ. ಅದು ಪ್ರಕೃತಿಯದ್ದೇ. ಆದರೆ ಆ ದಾರಿಯಲ್ಲಿ ಅಷ್ಟು ಜನರನ್ನು ಒಟ್ಟಿಗೆ ತಂದು ನಿಲ್ಲಿಸಿದ್ದು ಯೋಜನೆ. ಅಷ್ಟು ಜನರ ಮೇಲೆ ಒಂದು ಸೈರನ್ ಕೂಡ ಇರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಎಚ್ಚರಿಕೆಯ ಯಂತ್ರಗಳು ಬಂದಿದ್ದು ಆಮೇಲೆ.

ಎರಡನೆಯದು ಸಿಕ್ಕಿಂ. 5,200 ಮೀಟರ್ ಎತ್ತರದಲ್ಲಿ ದಕ್ಷಿಣ ಲ್ಹೋನಕ್ ಅನ್ನೋ ಹಿಮಸರೋವರ ಇದೆ. ಹಿಮನದಿ ಕರಗಿ ಹಿಂದೆ ಸರಿದಂತೆ ಅದು ವರ್ಷವರ್ಷ ದೊಡ್ಡದಾಗುತ್ತಿತ್ತು. ಅದು ಒಡೆಯಬಹುದು ಅಂತ ವಿಜ್ಞಾನಿಗಳು ಎಚ್ಚರಿಸಿದ್ದರು. 2016ರಲ್ಲಿ ಪೈಪುಗಳನ್ನು ಹೊತ್ತುಕೊಂಡು ಹೋಗಿ ನೀರು ಇಳಿಸುವ ಪ್ರಯತ್ನವೂ ಆಗಿತ್ತು. 2023ರ ಅಕ್ಟೋಬರ್ 3ರ ರಾತ್ರಿ ಪಕ್ಕದ ಹೆಪ್ಪುಗಟ್ಟಿದ ಇಳಿಜಾರು ಸರೋವರಕ್ಕೆ ಕುಸಿಯಿತು. ಅಲೆ ಎದ್ದು ಸರೋವರದ ದಂಡೆ ಒಡೆಯಿತು. ಗಮನಿಸಿ, ವಯೋಂಟ್‌ನಲ್ಲಿ ಆಗಿದ್ದೂ ಇದೇ ಥರ. ನೀರು ತೀಸ್ತಾ ಕಣಿವೆಯಲ್ಲಿ ಇಳಿದು ಚುಂಗ್‌ಥಾಂಗ್‌ನಲ್ಲಿದ್ದ 1,200 ಮೆಗಾವ್ಯಾಟಿನ ತೀಸ್ತಾ 3 ಯೋಜನೆಯ 60 ಮೀಟರ್ ಎತ್ತರದ ಕಟ್ಟೆಗೆ ಬಡಿಯಿತು. ಗೇಟು ತೆಗೆಯುವಷ್ಟು ಹೊತ್ತು ಸಿಗಲಿಲ್ಲ. ಕಟ್ಟೆ ಕೊಚ್ಚಿಹೋಯಿತು. ಜಲಾಶಯದ ನೀರೂ ಪ್ರವಾಹಕ್ಕೆ ಸೇರಿತು. ಸತ್ತವರು ಮತ್ತು ಸಿಗದೇ ಹೋದವರು ನೂರಕ್ಕಿಂತ ಜಾಸ್ತಿ. ಈಗ ಅದೇ ಜಾಗದಲ್ಲಿ ಸುಮಾರು ಎರಡು ಪಟ್ಟು ಎತ್ತರದ ಕಾಂಕ್ರೀಟ್ ಕಟ್ಟೆ ಕಟ್ಟುವ ಪ್ರಸ್ತಾವಕ್ಕೆ 2025ರ ಜನವರಿಯಲ್ಲಿ ಕೇಂದ್ರದ ತಜ್ಞರ ಸಮಿತಿ ಹಸಿರು ನಿಶಾನೆ ತೋರಿಸಿದೆ. ಇದನ್ನು ಓದಿದಾಗ ನನಗೆ ನಿಜವಾಗಿ ಸಂಕಟವಾಯಿತು. ಮತ್ತೆ ಅದೇ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇವೆ. ಕಟ್ಟೆಯನ್ನು ಇನ್ನೂ ಗಟ್ಟಿ ಮಾಡುವುದು ಹೇಗೆ ಅಂತ. ಮೇಲಿನ ಸರೋವರ ಅಲ್ಲೇ ಇದೆ. ಪಕ್ಕದಲ್ಲಿ ಇನ್ನೂ ಎಷ್ಟೋ ಸರೋವರಗಳಿವೆ.

ಜನರ ವಿಷಯ ನಡುನಡುವೆ ಬಂತು. ಒಂದು ಮಾತು ಬಿಟ್ಟುಹೋಗಬಾರದು. ದೊಡ್ಡ ಅಣೆಕಟ್ಟುಗಳಿಂದ ಪ್ರಪಂಚದಲ್ಲಿ 4ರಿಂದ 8 ಕೋಟಿ ಜನ ನೆಲೆ ಕಳೆದುಕೊಂಡಿದ್ದಾರೆ ಅಂತ ವಿಶ್ವ ಅಣೆಕಟ್ಟು ಆಯೋಗ 2000ದಲ್ಲಿ ಹೇಳಿತು. ಆ ಎರಡು ಅಂಕಿಗಳ ನಡುವಿನ ಅಂತರ ನೋಡಿ. 4 ಕೋಟಿ ಜನರ ಲೆಕ್ಕವೇ ಸರಿಯಾಗಿ ಇಟ್ಟಿಲ್ಲ. ಇನ್ನು ಮುಳುಗದೆಯೂ ಸೋತವರನ್ನು ಯಾರು ಲೆಕ್ಕ ಹಾಕುತ್ತಾರೆ? ತೆಹ್ರಿ ಜಲಾಶಯ ತುಂಬಿದಾಗ ಹಳೇ ತೆಹ್ರಿ ಪಟ್ಟಣ ಮುಳುಗಿತು. ಅದರ ಜೊತೆ ಸೇತುವೆಗಳೂ ಮುಳುಗಿದವು. ಆಚೆ ದಡದ ಪ್ರತಾಪನಗರ ಭಾಗದವರ ಮನೆ ಮುಳುಗಿರಲಿಲ್ಲ, ದಾರಿ ಮುಳುಗಿತ್ತು. ಎದುರಿಗೆ ಕಾಣುವ ದಡಕ್ಕೆ ಹೋಗಲು ಗಂಟೆಗಟ್ಟಲೆ ಸುತ್ತಬೇಕು. ಹೆರಿಗೆ ನೋವು ಬಂದರೂ ಅದೇ ದಾರಿ. ಡೋಬ್ರಾ ಚಾಂಟಿ ತೂಗುಸೇತುವೆ ಆಗಿದ್ದು 2020ರ ನವೆಂಬರ್‌ನಲ್ಲಿ. ಅಲ್ಲಿವರೆಗೆ ಎಷ್ಟೋ ವರ್ಷ ಹಾಗೇ ಕಳೆದಿತ್ತು.

ಬೆಟ್ಟದ ಜನ ಸುಮ್ಮನೆ ಕೂತಿಲ್ಲ. ಸಿಕ್ಕಿಂನ ಜೋಂಗುವಿನಲ್ಲಿ ಲೆಪ್ಚಾ ಯುವಕರು 2007ರಲ್ಲಿ ಉಪವಾಸ ಕೂತರು. ಕಾಂಚನಜುಂಗಾದಿಂದ ಇಳಿಯುವ ನದಿಗಳು ಅವರಿಗೆ ಪವಿತ್ರ. ಅಲ್ಲಿನ ಕೆಲವು ಯೋಜನೆಗಳನ್ನು ಸರ್ಕಾರ ಕೈಬಿಟ್ಟಿತು. ಹಿಮಾಚಲದ ಕಿನ್ನೌರ್‌ನಲ್ಲಿ ಯುವಕರು 'ನೋ ಮೀನ್ಸ್ ನೋ' ಅಂತ ಹೊರಟರು. ಸೇಬು ತೋಟ, ಚಿಲ್ಗೋಜಾ ಮರಗಳನ್ನು ನಂಬಿದ ಊರು ಅವರದು. ಅದೇ ಜಿಲ್ಲೆಯ ಲಿಪ್ಪಾ ಹಳ್ಳಿಯವರು ಕೇಸು ಹಾಕಿದಾಗ, ಯೋಜನೆಯನ್ನು ಗ್ರಾಮಸಭೆಯ ಮುಂದೆ ಇಡಬೇಕು ಅಂತ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತು. ಇನ್ನು ಗಂಗೆಗಾಗಿ 111 ದಿನ ಉಪವಾಸ ಇದ್ದು 2018ರ ಅಕ್ಟೋಬರ್‌ನಲ್ಲಿ ತೀರಿಕೊಂಡ ಜಿ.ಡಿ. ಅಗರ್ವಾಲ್ ಅವರು ಐಐಟಿಯಲ್ಲಿ ಪಾಠ ಹೇಳಿದ ಎಂಜಿನಿಯರ್. ಕಟ್ಟೆಗಳ ಗಣಿತ ಗೊತ್ತಿಲ್ಲದೆ ಮಾತಾಡಿದವರಲ್ಲ ಅವರು.

ಮಾತು ಮುಗಿದ ಮೇಲೆ ಒಬ್ಬ ಹಿರಿಯರು ಎದ್ದು ಕೇಳಿದರು: "ಎಲ್ಲ ಸರಿ ಸ್ವಾಮಿ, ಕರೆಂಟು ಬೇಡವಾ? ಕಲ್ಲಿದ್ದಲು ಸುಟ್ಟರೂ ಬೈತೀರಿ, ನೀರಿನಿಂದ ತೆಗೆದರೂ ಬೈತೀರಿ."

ನ್ಯಾಯವಾದ ಪ್ರಶ್ನೆ. ಜಲವಿದ್ಯುತ್ತಿಗೆ ಒಂದು ದೊಡ್ಡ ಗುಣ ಇದೆ. ಸಂಜೆ ಎಲ್ಲರೂ ಒಟ್ಟಿಗೆ ದೀಪ ಹಾಕಿದಾಗ ಗೇಟು ತೆಗೆದರೆ ಕೆಲವು ನಿಮಿಷದಲ್ಲಿ ಕರೆಂಟು ಬರುತ್ತದೆ. ಸೂರ್ಯ, ಗಾಳಿಗೆ ಆ ಅನುಕೂಲ ಇಲ್ಲ. ಹಾಗಾಗಿ ಈಗಾಗಲೇ ಇರುವ ಎಲ್ಲ ಅಣೆಕಟ್ಟು ಒಡೆಯಿರಿ ಅಂತ ನಾನು ಹೇಳುತ್ತಿಲ್ಲ. ಎಲ್ಲಿ ಕಟ್ಟಬಾರದು ಅಂತ ಮೊದಲು ತೀರ್ಮಾನ ಆಗಲಿ ಅನ್ನುತ್ತೇನೆ. ಕೇದಾರನಾಥ ದುರಂತದ ನಂತರ ಸುಪ್ರೀಂ ಕೋರ್ಟಿನ ಆದೇಶದಂತೆ ರವಿ ಚೋಪ್ರಾ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಆಯಿತು. ಪರಿಶೀಲಿಸಿದ 24 ಯೋಜನೆಗಳಲ್ಲಿ 23 ಬೇಡ ಅಂತ 2014ರಲ್ಲಿ ವರದಿ ಕೊಟ್ಟಿತು. ಹಿಮನದಿಗಳು ಹಿಂದೆ ಸರಿದು ಬಿಟ್ಟುಹೋದ ಸಡಿಲ ಕಲ್ಲುಮಣ್ಣಿನ ಎತ್ತರದ ಕಣಿವೆಗಳಲ್ಲಿ, ಸುಮಾರು 2,200ರಿಂದ 2,500 ಮೀಟರ್‌ಗಿಂತ ಮೇಲೆ, ಇಂಥ ಯೋಜನೆ ಬೇಡ ಅಂದಿತು. ಚಮೋಲಿ ದುರಂತ ಆಗಿದ್ದು ಅದಾಗಿ ಏಳು ವರ್ಷಕ್ಕೆ. ಆ ಗೆರೆಯನ್ನು ಒಪ್ಪಿಕೊಳ್ಳೋಣ. ಒಂದು ನದಿಗೆ ಒಂದೇ ವರದಿ ಇರಲಿ, ಒಂದೊಂದು ಯೋಜನೆಗೂ ಬೇರೆ ಬೇರೆ ಬೇಡ. ಸುರಂಗ ಕೊರೆಯುವ ಮುಂಚೆ ಹಳ್ಳಿ ಹಳ್ಳಿಯ ಒರತೆ ಅಳೆದು, ಲೆಕ್ಕ ಬರೆದು, ಊರಿನವರ ಕೈಗೆ ಒಂದು ಪ್ರತಿ ಕೊಡಲಿ. ಗೇಟು ತೆಗೆಯುವ ಹೊತ್ತು ಕೆಳಗಿನವರ ಮೊಬೈಲಿಗೆ ಅವರ ಭಾಷೆಯಲ್ಲೇ ಬರಲಿ. ಇವೆಲ್ಲ ಆಗದ ಕೆಲಸಗಳಲ್ಲ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಕೇಳಿದಳು: "ಸರ್, ಒಂದು ಸಲ ಕಟ್ಟಿದ ಮೇಲೆ ನದಿ ಮತ್ತೆ ಮೊದಲಿನ ಥರ ಆಗುತ್ತದಾ?"

ಪೂರ್ತಿ ಹಾಗೇ ಆಗುತ್ತದೆ ಅಂತ ಹೇಳಲಾರೆ ಮಗಳೇ. ಒಂದು ನದಿಯ ಕಥೆ ಹೇಳುತ್ತೇನೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಎಲ್ವಾ ಅಂತ ಬೆಟ್ಟದಿಂದ ಕಡಲಿಗೆ ಇಳಿಯುವ ನದಿ ಇದೆ. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಅದಕ್ಕೆ ಕರೆಂಟಿಗಾಗಿ ಎರಡು ಅಣೆಕಟ್ಟು ಕಟ್ಟಿದರು. ಸಾಲ್ಮನ್ ಮೀನುಗಳ ದಾರಿ ಮುಚ್ಚಿತು. ಆ ಮೀನನ್ನೇ ನಂಬಿ ಬದುಕಿದ್ದ ಲೋವರ್ ಎಲ್ವಾ ಕ್ಲಾಲಮ್ ಅನ್ನೋ ಅಲ್ಲಿನ ಮೂಲನಿವಾಸಿ ಜನ ವರ್ಷಗಟ್ಟಲೆ ಹೋರಾಡಿದರು. 2011ರಿಂದ 2014ರವರೆಗೆ ಎರಡೂ ಕಟ್ಟೆಗಳನ್ನು ಕೆಡವಿದರು. ದೊಡ್ಡದು 64 ಮೀಟರ್ ಎತ್ತರದ್ದು. ದಶಕಗಟ್ಟಲೆ ಕೂತಿದ್ದ ಹೂಳು ಕಡಲಿಗೆ ಇಳಿದು ನದಿಯ ಬಾಯಲ್ಲಿ ಹೊಸ ಮರಳದಂಡೆ ಬೆಳೆಯಿತು. ಜಲಾಶಯ ಖಾಲಿಯಾದಾಗ ನೀರಿನಡಿಯಿಂದ ಒಂದು ಜಾಗ ಮೇಲೆ ಬಂತು. ತಮ್ಮ ಕುಲ ಹುಟ್ಟಿದ್ದು ಅಲ್ಲೇ ಅಂತ ಆ ಜನ ತಲೆಮಾರುಗಳಿಂದ ಹೇಳುತ್ತ ಬಂದಿದ್ದ ಜಾಗ ಅದು. ಮೀನುಗಳು ವಾಪಸ್ ಬಂದವು. ಅವು ಸಾಕಷ್ಟು ಹೆಚ್ಚಲಿ ಅಂತ ಕ್ಲಾಲಮ್ ಜನ ಮೀನು ಹಿಡಿಯದೆ ಕಾದರು. 2023ರ ಅಕ್ಟೋಬರ್‌ನಲ್ಲಿ, ಕಟ್ಟೆ ಕೆಡವಿದ ಮೇಲೆ ಮೊದಲ ಸಲ, ಅವರು ಆ ನದಿಗೆ ಇಳಿದು ಕೋಹೋ ಸಾಲ್ಮನ್ ಹಿಡಿದರು.